ಅಜ್ಜಿ, ಮೊಮ್ಮಗು, ಒಂದೇ ದೋಣಿ

ಬೇಸಿಗೆ ಬಂತೆಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿಳಿಯುತ್ತಾರೆ. ವಿಮಾನದ ಆಯಾಸ ಕಳೆಯುವಷ್ಟರಲ್ಲಿ ಡಿಸ್ನಿಲ್ಯಾಂಡಿನ ಮಾತು ಏಳುತ್ತದೆ. ಅದರ ಬೆನ್ನಿಗೇ, "ಈ ವಯಸ್ಸಿನಲ್ಲಿ ನಮಗೆ ಅಲ್ಲೇನಿದೆ, ಮಕ್ಕಳನ್ನ ಕರ್ಕೊಂಡು ನೀವು ಹೋಗಿಬನ್ನಿ" ಎನ್ನುವ ಮಾತು. ಅರ್ವೈನ್‌ನಲ್ಲಿರುವ ನಮ್ಮ ಮನೆಯಿಂದ ಡಿಸ್ನಿಲ್ಯಾಂಡ್ ಇರುವ ಆನಹೈಮ್ ದೂರವಲ್ಲ. ಹಾಗಾಗಿ ನಮ್ಮವರನ್ನು ಮಾತ್ರವಲ್ಲ, ಸ್ನೇಹಿತರ ಮನೆಗೆ ಬಂದ ಹಿರಿಯರನ್ನೂ ಕರೆದೊಯ್ಯುವ ಕೆಲಸ ಬಹಳ ಸಲ ನನಗೇ ಬರುತ್ತದೆ. ಯಾರು ಸಲಹೆ ಕೇಳಿದರೂ ನಾನು ಹೇಳುವುದು ಇಷ್ಟೇ: ಅಲ್ಲಿನ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿಯಾಟವನ್ನು ದಿನದ ನಡುವಿಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಬಹುತೇಕ ಕುಟುಂಬಗಳು ಮಾಡುವುದು ಇದಕ್ಕೆ ತದ್ವಿರುದ್ಧ. ದೊಡ್ಡ ಆಟಗಳ ಪಟ್ಟಿ ಮೊದಲು, ಸಮಯ ಉಳಿದರೆ ದೋಣಿ. ಆದರೆ ಸ್ಪೇಸ್ ಮೌಂಟನ್ ಹತ್ತಲು ಮಗು 40 ಇಂಚು ಎತ್ತರ ಇರಬೇಕು, ಮ್ಯಾಟರ್‌ಹಾರ್ನ್‌ಗೆ 42 ಇಂಚು. ಎತ್ತರ ಸಾಲದ ಮಗು, ಮಂಡಿನೋವಿನ ಅಜ್ಜಿ, ಅವರ ಜೊತೆಗೆ ಸ್ಟ್ರಾಲರ್ ಕಾಯಲು ಒಬ್ಬರು ಎಂದು ಅರ್ಧ ಸಂಸಾರ ಬಿಸಿಲಿನ ಬೆಂಚಿನ ಮೇಲೆ ಉಳಿಯುತ್ತದೆ. ಸ್ಮಾಲ್ ವರ್ಲ್ಡ್‌ಗೆ ಎತ್ತರದ ಲೆಕ್ಕವಿಲ್ಲ. ಕೈಗೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹೋಗಬಹುದು. ಬೀಳುವ ಇಳಿಜಾರಿಲ್ಲ, ಬೆಚ್ಚಿಬೀಳಿಸುವ ಕತ್ತಲಿಲ್ಲ, ಸೀಟ್‌ಬೆಲ್ಟ್ ಕೂಡ ಬೇಕಾಗಿಲ್ಲ. ಹತ್ತಿರ ಹತ್ತಿರ ಕಾಲು ಗಂಟೆ ಮನೆಮಂದಿಯೆಲ್ಲ ಒಂದೇ ದೋಣಿಯಲ್ಲಿ ಕೂತಿರುತ್ತಾರೆ. ಇಡೀ ದಿನದಲ್ಲಿ ಅಂಥ ಅವಕಾಶ ಸಿಗುವುದೇ ಅಪರೂಪ.

ಈ ದೋಣಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಮೇಳ ನಡೆದಾಗ ಯೂನಿಸೆಫ್‌ನ ನೆರವಿಗಾಗಿ ಪೆಪ್ಸಿ ಕಂಪನಿ ಒಂದು ಮಂಟಪ ಕಟ್ಟಿಸಿತು. ಅದಕ್ಕಾಗಿ ವಾಲ್ಟ್ ಡಿಸ್ನಿಯ ತಂಡ ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಇದನ್ನು ಸಿದ್ಧಮಾಡಿತು. ಮೇಳ ಮುಗಿದ ಮೇಲೆ ಬಿಚ್ಚಿ ತಂದು ಆನಹೈಮ್‌ನಲ್ಲಿ ನಿಲ್ಲಿಸಿದರು. 1966ರ ಮೇ 28ರಂದು ಬಾಗಿಲು ತೆರೆಯಿತು. ಆಮೇಲೆ ಫ್ಲೋರಿಡಾ, ಟೋಕಿಯೊ, ಪ್ಯಾರಿಸ್, ಹಾಂಗ್‌ಕಾಂಗ್‌ಗಳಲ್ಲೂ ಇಂಥದ್ದೇ ಆಟ ಬಂತು.

ದೋಣಿ ಹಾಯುವ ಕೋಣೆಗಳಲ್ಲಿ ನಾನಾ ದೇಶಗಳ ಮಕ್ಕಳ ಗೊಂಬೆಗಳು ಹಾಡುತ್ತಿರುತ್ತವೆ. ಆ ಹಾಡಿನ ಕಥೆ ನನಗೆ ಬಹಳ ಇಷ್ಟ. ಆಯಾ ದೇಶದ ಗೊಂಬೆಗಳು ಆಯಾ ರಾಷ್ಟ್ರಗೀತೆ ಹಾಡಲಿ ಎನ್ನುವುದು ಮೊದಲ ಯೋಚನೆ. ಎಲ್ಲವೂ ಒಟ್ಟಿಗೆ ಕೇಳಿದಾಗ ಬರೀ ಗದ್ದಲ. ಆಗ ರಾಬರ್ಟ್ ಮತ್ತು ರಿಚರ್ಡ್ ಶರ್ಮನ್ ಸಹೋದರರು ಒಂದೇ ಹಾಡು ಬರೆದರು, ಅದೂ ಒಂದು ಉಪಾಯದಿಂದ. ಪಲ್ಲವಿ ಮತ್ತು ಚರಣದ ಮಟ್ಟುಗಳು ಬೇರೆ ಬೇರೆ, ಆದರೆ ಎರಡನ್ನೂ ಏಕಕಾಲಕ್ಕೆ ಹಾಡಿದರೂ ಶ್ರುತಿ ಕೆಡುವುದಿಲ್ಲ. ಆದ್ದರಿಂದ ದೋಣಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಜಾರುವಾಗ ಹಿಂದಿನ ಕೋಣೆಯ ದನಿ ಮುಂದಿನದರ ಜೊತೆ ಜಗಳವಾಡುವುದಿಲ್ಲ. ಇಂಗ್ಲಿಷ್, ಇಟಾಲಿಯನ್, ಜಪಾನಿ, ಸ್ಪ್ಯಾನಿಷ್, ಸ್ವೀಡಿಷ್ ಭಾಷೆಗಳಲ್ಲಿ ಅದೇ ಹಾಡು ಕೇಳಿಸುತ್ತದೆ. ಭಾಷೆ ಬದಲಾಗುವುದನ್ನು ಗಮನಿಸಿ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ, ಕಿವಿಗೊಟ್ಟು ಕೂರುತ್ತವೆ.

ನಮ್ಮ ಅತ್ತೆ ಮೈಸೂರಿನವರು, ವರ್ಷ ತಪ್ಪದೆ ದಸರೆಗೆ ಗೊಂಬೆ ಕೂರಿಸಿದವರು. ಮೊದಲ ಸಲ ದೋಣಿಯಲ್ಲಿ ಕೂತಾಗ ಅವರು ನೋಡಿದ್ದು ಬಟ್ಟೆಗಳನ್ನು: ಜರಿ ಎಲ್ಲಿ ಹಚ್ಚಿದ್ದಾರೆ, ನೆರಿಗೆ ಹೇಗೆ ಹಿಡಿದಿದ್ದಾರೆ, ತಲೆಯ ಮೇಲಿನ ಟೋಪಿಗೆ ಯಾವ ಬಣ್ಣದ ದಾರ. ಮೂರನೆಯ ಕೋಣೆ ದಾಟುವ ಹೊತ್ತಿಗೆ ನನ್ನ ಕಡೆ ತಿರುಗಿ, "ಎಲ್ಲಕ್ಕೂ ಒಂದೇ ಮುಖ ಕಣೇ" ಎಂದರು. ಅವರ ಕಣ್ಣು ನಿಜವನ್ನೇ ಹಿಡಿದಿತ್ತು. ಮುನ್ನೂರಕ್ಕೂ ಹೆಚ್ಚು ಗೊಂಬೆಗಳಿಗೆ ಮುಖದ ಅಚ್ಚು ಒಂದೇ. ಮೈಬಣ್ಣ, ಕೂದಲು, ಉಡುಗೆ ಬೇರೆಯಾಗಬೇಕು, ಮಗು ಮಾತ್ರ ಒಂದೇ ಆಗಿರಬೇಕು ಎಂದು ಬೇಕೆಂದೇ ಹಾಗೆ ಮಾಡಿದರು. ಆ ಉಡುಪುಗಳನ್ನು ರೂಪಿಸಿದವರು ಆಲಿಸ್ ಡೇವಿಸ್. ಒಟ್ಟು ಆಟದ ಬಣ್ಣ, ಆಕಾರ, ಆ ಕತ್ತರಿಸಿ ಅಂಟಿಸಿದಂಥ ಚಿತ್ರಶೈಲಿ ಮೇರಿ ಬ್ಲೇರ್ ಎಂಬ ಕಲಾವಿದೆಯದು. ‘ಸಿಂಡ್ರೆಲಾ’, ‘ಪೀಟರ್ ಪ್ಯಾನ್’ ಚಿತ್ರಗಳಿಗೂ ಆಕೆ ಬಣ್ಣದ ಕಲ್ಪನೆ ಕೊಟ್ಟವಳು. ಐಫೆಲ್ ಗೋಪುರದ ಅರ್ಧದಲ್ಲಿ ಬಲೂನು ಹಿಡಿದ ಹೊಂಗೂದಲಿನ ಹುಡುಗಿಯೊಬ್ಬಳಿದ್ದಾಳೆ, ಅದು ಆಕೆಯ ನೆನಪಿಗೆ ಇಟ್ಟ ಗೊಂಬೆ. ದೋಣಿ ನಿಲ್ಲುವುದಿಲ್ಲವಾದ್ದರಿಂದ ಮುಂಚಿನಿಂದಲೇ ಕಣ್ಣಿಟ್ಟಿರಬೇಕು. 2022ರಲ್ಲಿ ವೀಲ್‌ಚೇರಿನಲ್ಲಿ ಕೂತ ಎರಡು ಗೊಂಬೆಗಳೂ ಸೇರಿದವು, ಅವನ್ನೂ ಹುಡುಕಿ. ಕೊನೆಯ ಕೋಣೆಯಲ್ಲಿ ಎಲ್ಲ ದೇಶದ ಮಕ್ಕಳೂ ಬಿಳಿಯ ಉಡುಪಿನಲ್ಲಿ ಒಟ್ಟಿಗೆ ಸಿಗುತ್ತಾರೆ.

ಭಾರತದ ಪಾಲು ಚಿಕ್ಕದು. ತಾಜ್‌ಮಹಲು, ಸೀರೆಯುಟ್ಟು ಕುಣಿಯುವ ಹುಡುಗಿಯರು, ಅಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ. ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ ಜಾಗವೇ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನಷ್ಟು ಕಾಣಬೇಕಿತ್ತು. ಆದರೂ ಆ ಹುಡುಗಿಯರು ಕಂಡ ಕೂಡಲೇ ದೋಣಿಯಲ್ಲಿ ಕೂತ ಅಜ್ಜಿಯಂದಿರ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಈಗ ದಿನದ ಏರ್ಪಾಡು. ಟಿಕೆಟ್ ಕೊಳ್ಳುವಾಗಲೇ ದಿನ ಗೊತ್ತುಮಾಡಿಕೊಳ್ಳಿ. ಬೆಲೆ ದಿನದಿಂದ ದಿನಕ್ಕೆ ಬೇರೆ, ವಾರದ ನಡುವೆ ಸಾಮಾನ್ಯವಾಗಿ ಕಡಿಮೆ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋದರೆ ಹಿರಿಯರ ಹೊಟ್ಟೆಯೂ ತಣ್ಣಗಿರುತ್ತದೆ, ಖರ್ಚೂ ಉಳಿಯುತ್ತದೆ.

ಬಾಗಿಲಿನಿಂದ ದೋಣಿಯವರೆಗೆ ನಡೆಯುವ ದೂರ ವಯಸ್ಸಾದವರಿಗೆ ಹೆಚ್ಚೇ. ಅದಕ್ಕೆ ರೈಲಿದೆ. ಪಾರ್ಕಿನ ಬಾಗಿಲಲ್ಲೇ ಇರುವ ಮೇನ್ ಸ್ಟ್ರೀಟ್ ನಿಲ್ದಾಣದಲ್ಲಿ ಹತ್ತಿ ಟೂನ್‌ಟೌನ್ ನಿಲ್ದಾಣದಲ್ಲಿ ಇಳಿದರೆ ಸ್ಮಾಲ್ ವರ್ಲ್ಡ್ ಪಕ್ಕದಲ್ಲೇ. ಸ್ಟ್ರಾಲರ್ ಮಡಚಿಡಬೇಕು, ಅಷ್ಟೇ. ಆ ರೈಲಿನ ಹಳಿ ಸ್ಮಾಲ್ ವರ್ಲ್ಡ್ ಕಟ್ಟಡದ ಬಿಳಿ-ಚಿನ್ನದ ಬಣ್ಣದ ಮುಂಭಾಗದ ಒಳಗಿಂದಲೇ ಹಾದುಹೋಗುತ್ತದೆ. ಅಲ್ಲಿ ನಗುಮುಖದ ದೊಡ್ಡ ಗಡಿಯಾರವೊಂದು ಅತ್ತಿತ್ತ ತೂಗುತ್ತಿರುತ್ತದೆ. ಪ್ರತಿ ಕಾಲು ಗಂಟೆಗೊಮ್ಮೆ ಅದರ ಕೆಳಗಿನ ಬಾಗಿಲು ತೆರೆದು ಗೊಂಬೆಗಳ ಮೆರವಣಿಗೆ ಹೊರಡುತ್ತದೆ. ಅದನ್ನು ನೋಡಿಕೊಂಡು ಸಾಲಿಗೆ ಸೇರಿ.

ಸಾಲು ಬಹುಪಾಲು ಬಯಲಿನಲ್ಲೇ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಕಣ್ಣಿಗೆ ಚೆಂದ, ನೆರಳಿಗೆ ಸಾಲವು. ಟೋಪಿ, ನೀರು ಕೈಯಲ್ಲಿರಲಿ. ಸಾಲು ಉದ್ದವಾಗಿ ಕಂಡರೂ ಬೇಗ ಸರಿಯುತ್ತದೆ. ದೋಣಿಗಳಿಗೆ ಎಂಜಿನ್ ಇಲ್ಲ, ಕಾಲುವೆಯ ನೀರಿನೊಳಗಿನ ಚಿಲುಮೆಗಳೇ ತಳ್ಳುತ್ತವೆ. ಹಾಗಾಗಿ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಇದಕ್ಕೆಂದು ಹೆಚ್ಚು ದುಡ್ಡು ಕೊಟ್ಟು, ಉದ್ದ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಕೊಳ್ಳುವುದು ದಂಡ ಎನ್ನುವುದು ನನ್ನ ಅಭಿಪ್ರಾಯ. ವೀಲ್‌ಚೇರಿನಿಂದ ಏಳಲಾಗದವರಿಗೆ ಕುರ್ಚಿಯ ಸಮೇತ ಒಯ್ಯುವ ದೋಣಿಯಿದೆ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ನಡೆಯಬಲ್ಲವರೂ ಕೆಳಕ್ಕೆ ಹೆಜ್ಜೆಯಿಟ್ಟು ಕೂರಬೇಕಾದ್ದರಿಂದ ಕೈಹಿಡಿದು ಇಳಿಸಿ.

ಮಧ್ಯಾಹ್ನದ ಬಿಸಿಲು ಏರಿದಾಗ ಈ ದೋಣಿ ಹಿತ. ಮಗು ಒಳಗೇ ನಿದ್ದೆಹೋಗುವುದೂ ಉಂಟು. ಆಮೇಲೆ ಹಿರಿಯರು, ಕೂಸುಗಳು ಊಟಕ್ಕೆ ಕೂರಲಿ, ದೊಡ್ಡ ಮಕ್ಕಳು ಮ್ಯಾಟರ್‌ಹಾರ್ನ್‌ಗೆ ಓಡಲಿ. ಪಟಾಕಿ ಇರುವ ರಾತ್ರಿ ಈ ಭಾಗದ ಕೆಲವು ಆಟಗಳನ್ನು ಬೇಗ ನಿಲ್ಲಿಸುವುದರಿಂದ ಕೊನೆಗೆ ನೋಡೋಣ ಎಂದು ಬಿಡುವುದು ಬೇಡ.

ಇನ್ನೊಂದು ಮಾತು, ದಸರಾ ರಜೆಗೆ ಬರುವವರಿಗೆ. ಕ್ರಿಸ್‌ಮಸ್ ಅಲಂಕಾರಕ್ಕಾಗಿ ಅಕ್ಟೋಬರ್ ನಡುವಿನಿಂದ ಕೆಲವು ವಾರ ಈ ಆಟವನ್ನು ಸಾಮಾನ್ಯವಾಗಿ ಮುಚ್ಚುತ್ತಾರೆ. ಅಲಂಕಾರ ತೆಗೆಯಲು ಹಬ್ಬದ ನಂತರ ಮತ್ತೊಮ್ಮೆ ಮುಚ್ಚುತ್ತಾರೆ. ನವೆಂಬರ್‌ನಲ್ಲಿ ತೆರೆದಾಗ ಮುಂಭಾಗದ ತುಂಬ ದೀಪ, ಒಳಗೆ ಹಾಡಿನ ಜೊತೆ ‘ಜಿಂಗಲ್ ಬೆಲ್ಸ್’ ಬೆರೆತಿರುತ್ತದೆ. ಟಿಕೆಟ್ ಕೊಳ್ಳುವ ಮೊದಲು ಪಾರ್ಕಿನ ಅಧಿಕೃತ ಪಟ್ಟಿಯಲ್ಲಿ ಆ ದಿನ ಯಾವ ಆಟ ಮುಚ್ಚಿದೆ ಎಂದು ನೋಡಿಕೊಳ್ಳಿ. ಸ್ಮಾಲ್ ವರ್ಲ್ಡ್ ಅದರಲ್ಲಿದ್ದರೆ ಅಜ್ಜ ಅಜ್ಜಿಯರನ್ನು ಕರೆದೊಯ್ಯುವುದನ್ನು ನಾಲ್ಕು ವಾರ ಮುಂದೂಡಿ.