ಮೇಲ್ ವಾಪಸ್ ಬರುತ್ತಿದೆಯೇ? ಐಪಿ ಸಂಖ್ಯೆಗೆ ಹೆಸರಿದೆಯೇ ನೋಡಿ

ಕಾಸರಗೋಡು: ‘ಮೇಲ್ ಕಳಿಸಿ ಎರಡು ದಿನ ಆಯ್ತು ಮಾರಾಯ್ರೇ, ಇನ್ನೂ ಸಿಗ್ಲಿಲ್ವಾ?’ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಣ್ಣ ಪ್ರೆಸ್ಸು, ಶಾಲೆ, ಸಹಕಾರಿ ಸಂಘದವರು ಹೀಗೆ ಕೇಳುವ ಪರಿಸ್ಥಿತಿ ಬಂದಿದ್ದರೆ ಒಂದು ಸಂಗತಿ ಪರೀಕ್ಷಿಸಬೇಕು. ಅದೇ ರಿವರ್ಸ್ ಡಿಎನ್‌ಎಸ್.

ಹೆಸರು ಕೊಟ್ಟರೆ ಐಪಿ ಸಂಖ್ಯೆ ಹುಡುಕಿಕೊಡುವುದು ಡಿಎನ್‌ಎಸ್. ಸಂಖ್ಯೆ ಕೊಟ್ಟರೆ ಹೆಸರು ಹೇಳುವುದು ರಿವರ್ಸ್ ಡಿಎನ್‌ಎಸ್. ಈ ದಾಖಲೆಗೆ ಪಿಟಿಆರ್ ಎನ್ನುತ್ತಾರೆ. ಅದಿಲ್ಲದ ಸರ್ವರಿನಿಂದ ಬಂದ ಮೇಲನ್ನು ದೊಡ್ಡ ಸೇವೆಗಳು ಸಂಶಯದಿಂದ ನೋಡುತ್ತವೆ. 2024ರ ಫೆಬ್ರವರಿಯಿಂದ ಜಿಮೇಲ್ ಇದನ್ನು ಎಲ್ಲ ಕಳುಹಿಸುವವರಿಗೂ ನಿಯಮವಾಗಿಸಿದೆ.

ಕೀಲಿಕೈ ಯಾರ ಬಳಿ?

ಡೊಮೈನ್ ಹೆಸರು ದುಡ್ಡು ಕೊಟ್ಟು ಕೊಂಡದ್ದು, ಅದು ನಿಮ್ಮದೇ. ಆದರೆ ಐಪಿ ಸಂಖ್ಯೆ ಇಂಟರ್‌ನೆಟ್ ಕಂಪನಿಯದ್ದು. ಮನೆಗೆ ಹೆಸರಿಡುವವರು ನಾವಾದರೂ ಪಂಚಾಯತಿನ ಮನೆ ನಂಬರ್ ಪುಸ್ತಕದಲ್ಲಿ ನಾವೇ ಬರೆಯಲಾಗದು ತಾನೆ? ಹಾಗೆಯೇ ಡೊಮೈನ್ ಪುಟದಲ್ಲಿ ಪಿಟಿಆರ್ ಸೇರಿಸಿದರೆ ಪ್ರಯೋಜನವಿಲ್ಲ. ಕಂಪನಿಯವರೇ ಹಾಕಬೇಕು, ಇಲ್ಲವೇ ಆ ಅಧಿಕಾರ ನಿಮಗೆ ಬಿಟ್ಟುಕೊಡಬೇಕು. ಈ ಬಿಟ್ಟುಕೊಡುವಿಕೆಯೇ ಡೆಲಿಗೇಷನ್.

ಇಲ್ಲೊಂದು ತೊಡಕಿದೆ. 192.0.2.66 ಎಂಬ ಸಂಖ್ಯೆಯನ್ನು ತಿರುಗಿಸಿ 66.2.0.192 ಎಂದು ಬರೆದು, ಕೊನೆಗೆ ‘ಇನ್-ಆಡರ್.ಆರ್ಪಾ’ ಸೇರಿಸಿ ಹುಡುಕಲಾಗುತ್ತದೆ. ಚುಕ್ಕೆ ಇದ್ದಲ್ಲಿ ಮಾತ್ರ ಪಾಲು ಮಾಡಲು ಸುಲಭ. ಅಂದರೆ ಕನಿಷ್ಠ 256 ಸಂಖ್ಯೆಗಳು ಬೇಕು. ಸಣ್ಣ ಕಚೇರಿಗೆ ಸಿಗುವುದು ಎಂಟೋ ಹದಿನಾರೋ.

ಇದಕ್ಕೆ 1998ರ ಮಾರ್ಚಿನಲ್ಲೇ ಆರ್‌ಎಫ್‌ಸಿ 2317 ಎಂಬ ದಾಖಲೆ ದಾರಿ ತೋರಿಸಿದೆ. ಉದಾಹರಣೆಗೆ 64ರಿಂದ 71ರವರೆಗಿನ ಎಂಟು ಸಂಖ್ಯೆ ನಿಮ್ಮದೆನ್ನಿ. ಕಂಪನಿ ತನ್ನ ವಲಯದಲ್ಲಿ ‘64-71’ ಎಂಬ ಉಪವಲಯ ಮಾಡಿ ಅದನ್ನು ನಿಮ್ಮ ನೇಮ್ ಸರ್ವರಿಗೆ ವಹಿಸುತ್ತದೆ. ಎಂಟೂ ಸಂಖ್ಯೆಗೆ ಒಂದೊಂದು ಸಿನೇಮ್ ದಾಖಲೆ ಹಾಕಿ, ‘ಉತ್ತರ ಅಲ್ಲಿದೆ’ ಎಂದು ಕೈತೋರಿಸುತ್ತದೆ. ಆ ಮೇಲೆ ಪಿಟಿಆರ್ ಬದಲಿಸಲು ಯಾರನ್ನೂ ಕಾಯಬೇಕಿಲ್ಲ.

ಏನು ಮಾಡಬೇಕು?

* ಮೊದಲು ಸ್ಟ್ಯಾಟಿಕ್ ಐಪಿ ಇದೆಯೇ ನೋಡಿ. ಆಗಾಗ ಬದಲಾಗುವ ಸಂಖ್ಯೆಗೆ ಇದು ಆಗದ ಮಾತು. ಅಂಥವರು ಬೇರೊಂದು ಮೇಲ್ ಸೇವೆಯ ಮೂಲಕ ಕಳಿಸುವುದೇ ಲೇಸು.

* ಒಂದೇ ಸರ್ವರ್ ಇದ್ದರೆ ಡೆಲಿಗೇಷನ್ ಬೇಡ. ಐಪಿ ಸಂಖ್ಯೆ, ಸರ್ವರಿನ ಪೂರ್ಣ ಹೆಸರು ಬರೆದು ಪಿಟಿಆರ್ ಹಾಕಿಕೊಡಿ ಎಂದು ಕಂಪನಿಗೆ ಕೇಳಿ. ಹಲವು ಸರ್ವರ್‌ಗಳಿದ್ದು, ಸ್ವಂತ ನೇಮ್ ಸರ್ವರ್ ಎರಡಾದರೂ ಇದ್ದರೆ ಮಾತ್ರ ಡೆಲಿಗೇಷನ್ ಕೇಳಿ.

* ಬಾಯಿಮಾತು ಸಾಲದು, ಬರೆದೇ ಕೇಳಿ. ಕಸ್ಟಮರ್ ಕೇರಿನವರು ಮಲಯಾಳ, ಮರಾಠಿ, ತಮಿಳು, ತೆಲುಗು ಯಾವುದೇ ಆಡಲಿ, ‘ಪಿಟಿಆರ್ ರೆಕಾರ್ಡ್’ ಎಂಬ ಮಾತು ಎಲ್ಲ ಕಡೆ ಒಂದೇ.

* ‘ಎನ್‌ಎಸ್‌ಲುಕಪ್’ ಆದೇಶ ಕೊಟ್ಟು ಪರೀಕ್ಷಿಸಿ. ಸಂಖ್ಯೆಯಿಂದ ಬಂದ ಹೆಸರು ಮತ್ತೆ ಅದೇ ಸಂಖ್ಯೆಗೆ ಮರಳಬೇಕು.

ಪಿಟಿಆರ್ ಒಂದೇ ಸಾಲದು, ಎಸ್‌ಪಿಎಫ್, ಡಿಕಿಮ್ ದಾಖಲೆಗಳೂ ಸರಿಯಿರಬೇಕು. ಇನ್ನು, ಇಂಟರ್‌ನೆಟ್ ಕಂಪನಿ ಬದಲಿಸಿದರೆ ಐಪಿ ಸಂಖ್ಯೆಯೂ ಸಾಮಾನ್ಯವಾಗಿ ಬದಲಾಗುತ್ತದೆ, ಹಳೆಯ ಪಿಟಿಆರ್ ಕೆಲಸಕ್ಕೆ ಬರುವುದಿಲ್ಲ. ಹೊಸ ಲೈನ್ ಹಾಕಿಸುವ ದಿನವೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.