ಹಸುಗೂಸಿಗೆ ಯಾವ ವಿಟಮಿನ್, ಯಾವಾಗ?



ಕಳೆದ ಜುಮಾದ ನಂತರ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. "ಉಸ್ತಾದರೇ, ಮುಂದಿನ ತಿಂಗಳು ಹೆಂಡತಿಗೆ ಹೆರಿಗೆ. ಹುಟ್ಟಿದ ಕೂಡಲೇ ಮಗುವಿಗೆ ಸೂಜಿ ಚುಚ್ಚಿಸಬೇಡ ಅಂತ ಉಮ್ಮ ಹೇಳ್ತಾರೆ. ಏನು ಮಾಡಲಿ?" ಎಂದ.

ಆ ಸೂಜಿ ವಿಟಮಿನ್ ಕೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಅದು ಬೇಕು. ಗರ್ಭದಲ್ಲಿ ತಾಯಿಯಿಂದ ಮಗುವಿಗೆ ಅದು ಬರುವುದು ಬಹಳ ಕಡಿಮೆ, ಎದೆಹಾಲಿನಲ್ಲೂ ಅಲ್ಪ. ಆದ್ದರಿಂದ ಆರೋಗ್ಯವಾಗಿ ಕಾಣುವ ಮಗುವಿಗೂ ಮೊದಲ ವಾರದಲ್ಲಿ ಹೊಕ್ಕುಳಿಂದ, ಕರುಳಿನಿಂದ ರಕ್ತ ಸೋರಬಹುದು. ಕೆಲವು ಮಕ್ಕಳಿಗೆ ವಾರಗಳ ನಂತರ, ಮುನ್ಸೂಚನೆಯಿಲ್ಲದೆ ಮೆದುಳಿನಲ್ಲೇ ರಕ್ತಸ್ರಾವವಾಗುತ್ತದೆ. ತೊಡೆಗೆ ಒಮ್ಮೆ ಕೊಡುವ 1 ಮಿಲಿಗ್ರಾಂ ಇಂಜೆಕ್ಷನ್ ಇದನ್ನು ತಡೆಯುತ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅದರ ಅರ್ಧ.

"ಹಾಗಾದರೆ ವಿಟಮಿನ್ ಎ ಹನಿಯನ್ನೂ ಅಂದೇ ಹಾಕಿಸಬಹುದಲ್ಲ?" ಎಂದು ಆತ ಕೇಳಿದ. ಒಳ್ಳೆಯ ಪ್ರಶ್ನೆ. ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಸುಮಾರು 450 ಹಳ್ಳಿಗಳಲ್ಲಿ ಡಾ. ಆಲ್‌ಫ್ರೆಡ್ ಸಾಮರ್ ತಂಡ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ವಿಟಮಿನ್ ಎ ಹಂಚಿದ ಹಳ್ಳಿಗಳಲ್ಲಿ ವರ್ಷ ದಾಟಿದ ಪುಟ್ಟ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಆದರೆ ಅದು ನವಜಾತ ಶಿಶುಗಳ ಮಾತಲ್ಲ. ತಮಿಳುನಾಡಿನ ಒಂದು ಅಧ್ಯಯನ ಹುಟ್ಟಿದಾಗಲೇ ಕೊಟ್ಟರೂ ಲಾಭವೆಂದು ತೋರಿಸಿತ್ತು. 2015ರಲ್ಲಿ ಪ್ರಕಟವಾದ ಘಾನಾ, ತಾಂಜಾನಿಯಾ, ಹರಿಯಾಣದ ದೊಡ್ಡ ಅಧ್ಯಯನಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ನವಜಾತ ಶಿಶುಗಳಿಗೆ ಅದನ್ನು ಶಿಫಾರಸು ಮಾಡುವುದಿಲ್ಲ.

ನಮ್ಮಲ್ಲಿ 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯೊಂದಿಗೆ 1 ಲಕ್ಷ ಯೂನಿಟ್ ಕೊಡುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ 2 ಲಕ್ಷ, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟು ಅಂಗನವಾಡಿಗೋ ಆರೋಗ್ಯ ಕೇಂದ್ರಕ್ಕೋ ಹೋಗಿ. ಮೆಡಿಕಲ್ ಅಂಗಡಿಯಿಂದ ತಂದು ನೀವೇ ಹಾಕಬೇಡಿ. ವಿಟಮಿನ್ ಎ ಹೆಚ್ಚಾದರೆ ವಿಷ. ಮೊದಲ ವರ್ಷ ದಿನವೂ ಹಾಕುವ ವಿಟಮಿನ್ ಡಿ ಹನಿಯನ್ನೂ ಮಕ್ಕಳ ವೈದ್ಯರು ಹೇಳಿದ ಅಳತೆಯಲ್ಲೇ ಹಾಕಿ.

ಹುಟ್ಟಿದ ದಿನದ ವಿಟಮಿನ್ ಎ ತಾಯಿಯ ಹಳದಿ ಮೊದಲ ಹಾಲಿನಲ್ಲೇ ಧಾರಾಳವಾಗಿದೆ. ಕೆಟ್ಟ ಹಾಲೆಂದು ಅದನ್ನು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆ. ದಯವಿಟ್ಟು ಚೆಲ್ಲಬೇಡಿ.

ಆ ಯುವಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಉಮ್ಮನ ಮೇಲೆ ಕೋಪಿಸಬೇಡಿ, ಅವರ ಭಯವೂ ಮಗುವಿನ ಮೇಲಿನ ಪ್ರೀತಿಯೇ. ಪಕ್ಕದಲ್ಲಿ ಕುಳಿತು ವಿವರಿಸಿ. ಮಗು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಕಿವಿಯಲ್ಲಿ ಬಾಂಗ್ ಹೇಳಿ, ಸೂಜಿಯನ್ನೂ ಹಾಕಿಸಿ.