ಪಾರ್ಶ್ವವಾಯುವಿನ ಕಾಲನಿರ್ಣಯ

ಪ್ರಕೃತ ಲೇಖನದ ವಿಷಯ ವೈದ್ಯಶಾಸ್ತ್ರಕ್ಕೆ ಸೇರಿದುದು. ಬರೆಯುತ್ತಿರುವ ನಾವು ಇತಿಹಾಸದ ಅಧ್ಯಾಪಕರು. ಆದುದರಿಂದ ಇದನ್ನು ಕೈಗೆತ್ತಿಕೊಂಡುದರ ಕಾರಣವನ್ನು ಮೊದಲಿಗೇ ಹೇಳಿಬಿಡುವುದು ಯುಕ್ತ. ಕಲಬುರಗಿ ಜಿಲ್ಲೆಯ ಗುಂಡಗುರ್ತಿಯಲ್ಲಿ ನಮ್ಮ ಬಂಧುಗಳಾದ ಹಿರಿಯರೊಬ್ಬರಿದ್ದರು. ಒಂದು ದಿನ ಬೆಳಗ್ಗೆ ಅವರು ಹಾಸಿಗೆಯಿಂದ ಏಳಲಾರದೆ ಹೋದರು. ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದ್ದುವು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. “ಲಕ್ವಾ ಹೊಡದದ” ಎಂದರು ಮನೆಯವರು. ಎಣ್ಣೆ ತಿಕ್ಕಿದುದಾಯಿತು, ನೆರೆಯೂರಿನಿಂದ ನಾಟಿ ಔಷಧ ತರಿಸಿದುದಾಯಿತು. ನಗರದ ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ಮಧ್ಯಾಹ್ನ ಕಳೆದಿತ್ತು. ಅಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ ಇದು: “ಇವರು ಸರಿಯಾಗಿದ್ದುದನ್ನು ಕೊನೆಯ ಸಲ ಕಂಡವರು ಯಾರು? ಆಗ ಎಷ್ಟು ಗಂಟೆ?” ರಾತ್ರಿ ಊಟದ ಹೊತ್ತಿಗೆ ನೆಟ್ಟಗಿದ್ದರೆಂದು ಒಬ್ಬರು ಹೇಳಿದರು. ಕೋಳಿ ಕೂಗುವಾಗ ನೀರು ಕೇಳಿದ್ದರೆಂದು ಇನ್ನೊಬ್ಬರು ಹೇಳಿದರು. ಕೇಳಿದುದು ಸ್ಪಷ್ಟವಾದ ಮಾತೋ ತೊದಲು ಮಾತೋ ಎಂಬುದು ಅವರಿಗೆ ನೆನಪಿರಲಿಲ್ಲ. ನಾವೂ ಆ ರಾತ್ರಿ ಅದೇ ಮನೆಯಲ್ಲಿದ್ದೆವು. ಶಾಸನಗಳ ಕಾಲವನ್ನು ತರಗತಿಯಲ್ಲಿ ವರ್ಷಗಟ್ಟಲೆ ಚರ್ಚಿಸಿದ ನಮಗೆ, ನಮ್ಮ ಬಳಿಯಲ್ಲಿಯೇ ನಡೆದುಹೋದ ಘಟನೆಯ ಹೊತ್ತನ್ನು ಹೇಳಲಾಗಲಿಲ್ಲ. ಆ ಹಿರಿಯರು ಬದುಕಿದರು. ಮಾತು ಮಾತ್ರ ಮರಳಲಿಲ್ಲ.

ವೈದ್ಯರ ಆ ಪ್ರಶ್ನೆಯ ಹಿಂದೆ ಏನಿದೆಯೆಂದು ತಿಳಿಯುವ ಸಲುವಾಗಿ, ಈ ರೋಗವನ್ನು ಕುರಿತ ಸಂಶೋಧನೆಯ ಚರಿತ್ರೆಯನ್ನು ನಾವು ಓದಿದೆವು. ಓದಿದ ಮೇಲೆ ನಮಗೆ ದೃಢವಾದುದು ಇಷ್ಟೇ: ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನ ಚಿಕಿತ್ಸೆ ಬಹುಮಟ್ಟಿಗೆ ಕಾಲನಿರ್ಣಯದ ಮೇಲೆ ನಿಂತಿದೆ; ಆ ನಿರ್ಣಯಕ್ಕೆ ಮೊದಲ ಸಾಕ್ಷ್ಯವನ್ನು ಒದಗಿಸಬೇಕಾದವರು ವೈದ್ಯರಲ್ಲ, ಮನೆಯವರು.

ಮೊದಲು ಹೆಸರಿನ ವಿಚಾರ. ಹಳೆಯ ಮೈಸೂರಿನ ಕಡೆ ಪಾರ್ಶ್ವವಾಯುವೆಂದೂ ಲಕ್ವವೆಂದೂ ಕರೆಯುವ ಈ ವ್ಯಾಧಿಗೆ ಸೇಡಮ್, ಚಿತ್ತಾಪುರ, ಚಿಂಚೋಳಿಗಳ ಕಡೆ ಲಕ್ವಾ ಎಂಬುದೇ ರೂಢಿಯ ಮಾತು. ಈ ಶಬ್ದ ಅರಬ್ಬಿಯದು. ೧೩೪೭ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿಯ ಸೀಮೆಯಲ್ಲಿ, ಮುಂದೆ ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ನಾಡಿನಲ್ಲಿ, ಪಾರಸಿ ಮತ್ತು ದಖ್ಖನಿ ಉರ್ದುಗಳ ಮೂಲಕ ಇಂತಹ ಶಬ್ದಗಳು ಜನರ ಬಾಯಲ್ಲಿ ನೆಲೆಗೊಂಡುವು. ಯುನಾನಿ ವೈದ್ಯರು ಲಕ್ವಾ ಎಂದು ಕರೆದುದು ಮುಖ ಸೊಟ್ಟಗಾಗುವ ರೋಗವನ್ನು. ದೇಹದ ಅರ್ಧಭಾಗ ಬೀಳುವುದಕ್ಕೆ ಅವರಲ್ಲಿ ಫಾಲಿಜ್ ಎಂಬ ಬೇರೆ ಹೆಸರುಂಟು. ನಮ್ಮ ಆಡುಮಾತಿನಲ್ಲಿ ಎರಡೂ ಒಂದೇ ಹೆಸರಿನಲ್ಲಿ ಸೇರಿಹೋದುವು. ಇದು ಕೇವಲ ಶಬ್ದದ ತೊಡಕಲ್ಲ. ಮುಖದ ನರವೊಂದೇ ಊದಿಕೊಂಡು ಬಾಯಿ ವಾಲಿದವರಲ್ಲಿ ಹೆಚ್ಚಿನವರು ಕೆಲವು ವಾರ ತಿಂಗಳುಗಳಲ್ಲಿ ತಾವಾಗಿಯೇ ಗುಣಹೊಂದುತ್ತಾರೆ. ಆ ಅವಧಿಯಲ್ಲಿ ಅವರಿಗೆ ಯಾವ ಔಷಧ ಕೊಟ್ಟಿದ್ದರೂ ಗುಣವಾದ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಬಳಿಕ ಮಿದುಳಿನ ರಕ್ತನಾಳ ಕಟ್ಟಿದವರನ್ನೂ ಅದೇ ಹೆಸರು ಅದೇ ಔಷಧದ ಬಾಗಿಲಿಗೆ ಒಯ್ಯುತ್ತದೆ. ಒಂದಾದ ಮೇಲೆ ಒಂದು ನಡೆಯಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಮಾತೇನೂ ಅಲ್ಲ.

ನಮ್ಮ ಪ್ರಾಚೀನರು ಈ ರೋಗವನ್ನು ಚೆನ್ನಾಗಿಯೇ ಗಮನಿಸಿದ್ದರು. ಸುಶ್ರುತಸಂಹಿತೆಯು ಮುಖದ ರೋಗವನ್ನು ಅರ್ದಿತವೆಂದೂ ದೇಹದ ಒಂದು ಪಕ್ಷ ನಷ್ಟವಾಗುವುದನ್ನು ಪಕ್ಷಾಘಾತವೆಂದೂ ಬೇರೆ ಬೇರೆಯಾಗಿ ವರ್ಣಿಸುತ್ತದೆ. ಕುಪಿತವಾದ ವಾಯುವು ಧಮನಿಗಳನ್ನು ಹೊಕ್ಕು ದೇಹದ ಒಂದು ಭಾಗವನ್ನು ನಿಷ್ಕ್ರಿಯಗೊಳಿಸುತ್ತದೆಂಬುದು ಅದರ ವಿವರಣೆ. ಗುಂಡಗುರ್ತಿಗೆ ಬಹಳ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದಲ್ಲಿ ಮಾಂಸಭಕ್ಷಣವನ್ನು ನಿರಾಕರಿಸುವ ಭಾಗವುಂಟು, ಅದು ನೃಪತುಂಗನ ಆಸ್ಥಾನದಲ್ಲಿ ಮಂಡಿತವಾದುದೆಂದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಅಂದರೆ ಸಾವಿರ ವರ್ಷಗಳಿಗೂ ಹಿಂದೆ ವೈದ್ಯವಿಷಯದ ವಾದಗಳು ಈ ನೆಲದ ರಾಜಸಭೆಯನ್ನು ಮುಟ್ಟಿದ್ದುವು. ಆದರೆ ರೋಗಲಕ್ಷಣ ಹೊರಗೆ ಕಾಣುತ್ತಿದ್ದರೂ ಅದರ ನೆಲೆ ತಲೆಬುರುಡೆಯ ಒಳಗೆ ಅಡಗಿತ್ತು. ಜೀವಂತ ರೋಗಿಯಲ್ಲಿ ಅದನ್ನು ಕಾಣುವ ಸಾಧನ ಬಹುಕಾಲ ಯಾವ ದೇಶದವರಿಗೂ ಇರಲಿಲ್ಲ.

ಮೃತದೇಹಗಳ ಪರೀಕ್ಷೆಯಿಂದ ಕೆಲವು ಸಂಗತಿಗಳು ಹೊರಬಿದ್ದುವು. ೧೬೫೮ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್‌ಫರ್ ಎಂಬ ವೈದ್ಯನು, ಹೀಗೆ ಸತ್ತವರ ಮಿದುಳಿನಲ್ಲಿ ರಕ್ತ ಸೋರಿರುವುದನ್ನು ತೋರಿಸಿ, ನಾಳಗಳು ಕಟ್ಟಿಕೊಳ್ಳುವುದರಿಂದಲೂ ಈ ವ್ಯಾಧಿ ಬರಬಹುದೆಂದು ಸೂಚಿಸಿದನು. ೧೭೬೧ರಲ್ಲಿ ಇಟಲಿಯ ಮೊರ್ಗಾನಿಯು ಪ್ರಕಟಿಸಿದ ಗ್ರಂಥದಿಂದ, ದೇಹದ ಬಲಭಾಗ ಬಿದ್ದರೆ ದೋಷ ಮಿದುಳಿನ ಎಡಭಾಗದಲ್ಲಿರುವುದೆಂಬುದು ಸ್ಥಿರಪಟ್ಟಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿರ್ಕೋ, ರಕ್ತದ ಹೆಪ್ಪು ನಾಳದಲ್ಲಿಯೇ ಹುಟ್ಟಬಹುದು, ಇಲ್ಲವೆ ಬೇರೆಡೆ ಹುಟ್ಟಿ ಹರಿದುಬಂದು ಸಿಕ್ಕಿಕೊಳ್ಳಬಹುದು ಎಂದು ವಿಶದಪಡಿಸಿದನು. ಹೀಗೆ ರೋಗ ಒಂದಲ್ಲ, ಎರಡು ಬಗೆ ಎಂದಾಯಿತು: ನಾಳ ಒಡೆದು ರಕ್ತ ಸೋರುವುದೊಂದು, ನಾಳ ಕಟ್ಟಿ ರಕ್ತ ನಿಲ್ಲುವುದೊಂದು. ಒಂದಕ್ಕೆ ಹಿತವಾದ ಔಷಧ ಇನ್ನೊಂದಕ್ಕೆ ಪ್ರಾಣಾಂತಕ. ಹಾಸಿಗೆಯ ಬಳಿ ನಿಂತು ನೋಡುವ ವೈದ್ಯನಿಗಾದರೋ ಎರಡೂ ಬಹುಮಟ್ಟಿಗೆ ಒಂದೇ ಬಗೆಯಾಗಿ ಕಾಣುತ್ತವೆ.

ಈ ಕಗ್ಗಂಟನ್ನು ಬಿಡಿಸಿದುದು ಸಿ.ಟಿ. ಯಂತ್ರ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ೧೯೭೧ರ ಅಕ್ಟೋಬರಿನಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರವನ್ನು ತೆಗೆದರು. ಸೋರಿದ ರಕ್ತ ಈ ಚಿತ್ರದಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ನಾಳ ಕಟ್ಟಿದ ಪಾರ್ಶ್ವವಾಯುವಿನಲ್ಲಿಯಾದರೋ ಮೊದಲ ಕೆಲವು ಗಂಟೆಗಳ ಚಿತ್ರ ಸಹಜವಾಗಿಯೇ ಕಾಣಬಹುದು. “ಚಿತ್ರದಲ್ಲಿ ಏನೂ ಇಲ್ಲವಂತೆ” ಎಂದು ಬಂಧುಗಳು ನೆಮ್ಮದಿ ತಾಳುವುದುಂಟು, ಅದು ತಪ್ಪು. ಆ ಹೊತ್ತಿನಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ರಕ್ತಸ್ರಾವವಿಲ್ಲವೆಂಬ ಖಾತ್ರಿಯನ್ನು.

ಇನ್ನು ಕಾಲದ ವಿಚಾರ. ನಾಳ ಕಟ್ಟಿದೊಡನೆ ಅದು ಪೋಷಿಸುವ ಭಾಗವೆಲ್ಲ ಒಮ್ಮೆಲೇ ಸಾಯುವುದಿಲ್ಲ. ನಡುವಿನ ತಿರುಳು ಬೇಗ ನಾಶವಾಗುತ್ತದೆ. ಅದರ ಸುತ್ತಲಿನ ಭಾಗ ಅಕ್ಕಪಕ್ಕದ ನಾಳಗಳಿಂದ ಬರುವ ಅಲ್ಪ ರಕ್ತದಿಂದ, ಕೆಲಸ ನಿಲ್ಲಿಸಿ, ಆದರೆ ಜೀವ ಹಿಡಿದು ಕೆಲವು ಗಂಟೆ ಉಳಿಯುತ್ತದೆ. ನೀರು ತಪ್ಪಿದ ಹೊಲದಲ್ಲಿ ಬಾಡಿದ್ದರೂ ಇನ್ನೂ ಒಣಗಿರದ ಪೈರಿನಂತಹ ಈ ಭಾಗವನ್ನು ಸಂಶೋಧಕರು ೧೯೭೦ರ ದಶಕದ ಪ್ರಯೋಗಗಳಲ್ಲಿ ಗುರುತಿಸಿದರು. ದೊಡ್ಡ ನಾಳವೊಂದು ಕಟ್ಟಿದಾಗ ನಿಮಿಷಕ್ಕೆ ಸರಾಸರಿ ೧೯ ಲಕ್ಷ ನರಕೋಶಗಳು ನಾಶವಾಗುತ್ತವೆಂದು ೨೦೦೬ರಲ್ಲಿ ಪ್ರಕಟವಾದ ಗಣನೆಯೊಂದು ಹೇಳುತ್ತದೆ. ಚಿಕಿತ್ಸೆ ಉಳಿಸಹೊರಟಿರುವುದು ಈ ಬಾಡಿದ ಭಾಗವನ್ನೇ.

ಹೆಪ್ಪನ್ನು ಕರಗಿಸುವ ಔಷಧ ಹೃದಯದ ರೋಗಿಗಳಲ್ಲಿ ಫಲ ಕೊಟ್ಟಿತ್ತು. ಮಿದುಳಿಗೂ ಅದು ಫಲ ಕೊಟ್ಟೀತೆಂಬ ಊಹೆ ಸಹಜವಾದುದು. ಊಹೆಯನ್ನು ಪರೀಕ್ಷಿಸುವ ಕ್ರಮ ಹೀಗೆ: ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸುವುದು, ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಅದರಂತೆಯೇ ತೋರುವ ನಿರೌಷಧ ದ್ರವ, ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನೋಡಿಕೊಳ್ಳುವುದು. ಸ್ಟ್ರೆಪ್ಟೊಕೈನೇಸ್ ಎಂಬ ಔಷಧದ ಪರೀಕ್ಷೆಗಳು ಈ ಕ್ರಮದಲ್ಲಿ ಸೋತುವು. ಮಿದುಳಿನಲ್ಲಿ ರಕ್ತಸ್ರಾವ ಹೆಚ್ಚಿದುದರಿಂದ ಅವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆಲ್ಟಿಪ್ಲೇಸ್ ಎಂಬ ಇನ್ನೊಂದು ಔಷಧದ ಅಮೆರಿಕದ ಪರೀಕ್ಷೆಯ ಫಲ ೧೯೯೫ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ರೋಗಿಗಳು ೬೨೪ ಮಂದಿ. ಎಲ್ಲರಿಗೂ ರೋಗ ತಗುಲಿದ ಮೂರು ಗಂಟೆಗಳೊಳಗೆ ಚಿಕಿತ್ಸೆ. ಪರೀಕ್ಷೆಯ ಎರಡನೆಯ ಭಾಗದಲ್ಲಿ, ಮೂರು ತಿಂಗಳ ಬಳಿಕ ಹೆಚ್ಚಿನ ಊನವಿಲ್ಲದೆ ಉಳಿದವರು ಔಷಧ ಪಡೆದವರಲ್ಲಿ ನೂರಕ್ಕೆ ೩೯, ಪಡೆಯದವರಲ್ಲಿ ೨೬. ಆದರೆ ಸ್ಥಿತಿಯನ್ನು ಕೆಡಿಸುವಂತಹ ರಕ್ತಸ್ರಾವ ಒಟ್ಟು ಔಷಧ ಪಡೆದವರಲ್ಲಿ ನೂರಕ್ಕೆ ೬.೪, ಪಡೆಯದವರಲ್ಲಿ ೦.೬. ಲಾಭ ಅಪಾಯಗಳೆರಡನ್ನೂ ಹೀಗೆ ಒಂದೇ ಪುಟದಲ್ಲಿ ಮುಂದಿಟ್ಟುದು ಈ ಸಂಶೋಧನೆಯ ಗೌರವ. ಲಾಭದ ತಕ್ಕಡಿ ಕೆಳಗಿಳಿಯುವುದು ಕಾಲ ಮೀರದಿದ್ದಾಗ ಮಾತ್ರ. ೨೦೦೮ರಲ್ಲಿ ಯೂರೋಪಿನ ಪರೀಕ್ಷೆಯೊಂದು ಆ ಮಿತಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆದರೂ ಮೊದಲ ಗಂಟೆಗಳಲ್ಲಿ ಬಂದವರಿಗೆ ದೊರೆಯುವ ಲಾಭವೇ ಅಧಿಕ.

ದೊಡ್ಡ ನಾಳದ ದೊಡ್ಡ ಹೆಪ್ಪು ಔಷಧಕ್ಕೆ ಸುಲಭವಾಗಿ ಕರಗುವುದಿಲ್ಲ. ತೊಡೆಯ ಸಂದಿನ ಧಮನಿಯಿಂದ ತೆಳುವಾದ ನಳಿಕೆಯನ್ನು ಮಿದುಳಿನ ವರೆಗೆ ಹಾಯಿಸಿ ಹೆಪ್ಪನ್ನು ಹೊರಗೆಳೆಯುವ ಕ್ರಮವನ್ನು ನೆದರ್ಲೆಂಡಿನಲ್ಲಿ ೫೦೦ ರೋಗಿಗಳಲ್ಲಿ ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಫಲದಂತೆ, ಮೂರು ತಿಂಗಳ ಬಳಿಕ ಸ್ವತಂತ್ರವಾಗಿ ಬಾಳಬಲ್ಲವರಾದವರು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೩೨.೬, ಉಳಿದವರಲ್ಲಿ ೧೯.೧. ಬಾಡಿದ ಭಾಗ ಇನ್ನೂ ಉಳಿದಿದೆಯೆಂದು ಚಿತ್ರದಿಂದ ತಿಳಿದುಬಂದ ಆಯ್ದ ರೋಗಿಗಳಲ್ಲಿ ೨೪ ಗಂಟೆಗಳ ವರೆಗೂ ಇದು ಸಫಲವಾಗಬಹುದೆಂಬುದು ೨೦೧೮ರಲ್ಲಿ ತಿಳಿದುಬಂದಿತು.

ನಿದ್ದೆಯಲ್ಲಿಯೇ ರೋಗ ತಗುಲಿದವರ ಗತಿಯೇನು? ನಮ್ಮ ಹಿರಿಯರ ಸ್ಥಿತಿ ಅದೇ ಆಗಿದ್ದಿತು. ಇಲ್ಲಿ ಸಂಶೋಧಕರು ಅನುಸರಿಸಿದ ದಾರಿ ಇತಿಹಾಸಕಾರರಿಗೆ ಪರಿಚಿತವಾದುದು. ತೇದಿಯಿಲ್ಲದ ಶಾಸನ ದೊರೆತಾಗ ನಾವು ಅದರ ಅಕ್ಷರಗಳ ರೂಪವನ್ನು ನೋಡಿ ಕಾಲವನ್ನು ನಿರ್ಧರಿಸುತ್ತೇವಷ್ಟೆ. ಹಾಗೆಯೇ ಎಂ.ಆರ್.ಐ. ಯಂತ್ರದ ಒಂದು ಬಗೆಯ ಚಿತ್ರದಲ್ಲಿ ಗಾಸಿಗೊಂಡ ಭಾಗ ನಿಮಿಷಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬಗೆಯ ಚಿತ್ರದಲ್ಲಿ ಕಾಣಲು ಕೆಲವು ಗಂಟೆಗಳು ಬೇಕು. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ರೋಗ ತಗುಲಿ ಹೆಚ್ಚು ಹೊತ್ತಾಗಿಲ್ಲವೆಂದು ಊಹಿಸಬಹುದು. ಹೀಗೆ ಆಯ್ದ ೫೦೩ ರೋಗಿಗಳ ಪರೀಕ್ಷೆಯ ಫಲ ೨೦೧೮ರಲ್ಲಿ ಪ್ರಕಟವಾಯಿತು: ಔಷಧ ಪಡೆದವರಲ್ಲಿ ನೂರಕ್ಕೆ ೫೩.೩ ಮಂದಿ, ಪಡೆಯದವರಲ್ಲಿ ೪೧.೮ ಮಂದಿ ಚೆನ್ನಾಗಿ ಚೇತರಿಸಿಕೊಂಡರು. ಬಾಹ್ಯ ಸಾಕ್ಷ್ಯ ಇಲ್ಲದೆಡೆ ಆಂತರಿಕ ಸಾಕ್ಷ್ಯ ನೆರವಾಯಿತು. ಆದರೆ ಆ ಯಂತ್ರ ಎಲ್ಲ ಊರುಗಳಲ್ಲಿ, ಎಲ್ಲ ಹೊತ್ತಿನಲ್ಲಿ ದೊರೆಯುವುದಿಲ್ಲ. ಮನೆಯವರ ನುಡಿ ದೊರೆಯುತ್ತದೆ.

ಫಲ ಕಾಣದ ಪರೀಕ್ಷೆಗಳೂ ಅಷ್ಟೇ ಬೆಲೆಯುಳ್ಳವು. ನಮ್ಮ ದೇಶದ ೧೪ ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು ೨೦೧೭ರಲ್ಲಿ ಪ್ರಕಟವಾಯಿತು. ವ್ಯಾಯಾಮ ಚಿಕಿತ್ಸೆ ಬಲ್ಲವರು ವಿರಳವಾಗಿರುವ ನಾಡಿನಲ್ಲಿ ಮನೆಯವರಿಗೇ ತರಬೇತು ಕೊಟ್ಟು ರೋಗಿಯ ಆರೈಕೆ ಮಾಡಿಸಿದರೆ ಹೇಗೆ ಎಂಬುದು ಅದರ ವಿಚಾರ. ಆರು ತಿಂಗಳ ಕೊನೆಗೆ ಸತ್ತವರು ಅಥವಾ ಪರಾಧೀನರಾದವರು ಎರಡು ಗುಂಪುಗಳಲ್ಲಿಯೂ ನೂರಕ್ಕೆ ೪೭. ಮನೆಯವರ ಪ್ರೀತಿ ನಿರರ್ಥಕವೆಂದು ಇದರ ಅರ್ಥವಲ್ಲ. ಸದುದ್ದೇಶದ ಕಾರ್ಯವೂ ಪರೀಕ್ಷೆಗೆ ಒಳಪಡಬೇಕು, ಫಲವಿಲ್ಲವೆಂದು ಕಂಡರೆ ಹಾಗೆಂದೇ ಬರೆಯಬೇಕು ಎಂಬುದು ಇಲ್ಲಿನ ಪಾಠ. ಲಕ್ವಾದ ಔಷಧಗಳೆಂದು ನಮ್ಮ ಸೀಮೆಯಲ್ಲಿ ಹೆಸರಾದುವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕಲ್ಲದೆ, ಹಳೆಯವೆಂದು ನಂಬುವುದಾಗಲಿ ಹಳ್ಳಿಯವೆಂದು ಹಳಿಯುವುದಾಗಲಿ ವಿಚಾರವಂತರಿಗೆ ತಕ್ಕುದಲ್ಲ. ಒರೆ ಹಚ್ಚುವ ವರೆಗೆ, ಅವುಗಳಿಗಾಗಿ ಮೊದಲ ಗಂಟೆಗಳನ್ನು ಕಳೆಯುವುದಂತೂ ಸಲ್ಲದು.

ಕೊನೆಯದಾಗಿ ಗುಂಡಗುರ್ತಿಗೆ ಮರಳೋಣ. ಸೇಡಮ್, ವಾಡಿ, ಶಹಾಬಾದುಗಳ ಸುತ್ತಿನ ಈ ನಾಡಿನಲ್ಲಿ ಜನ ತೊಗರಿಯ ಹೊಲಗಳಲ್ಲಿ, ಕಲ್ಲುಗಣಿಗಳಲ್ಲಿ, ಸಿಮೆಂಟು ಕಾರ್ಖಾನೆಗಳಲ್ಲಿ ದುಡಿಯುವವರು. ಬಲಗೈ ಬಿದ್ದುಹೋದರೆ ಒಬ್ಬನ ಆರೋಗ್ಯದ ಜತೆಗೆ ಒಂದು ಮನೆಯ ಅನ್ನವೂ ಹೋಗುತ್ತದೆ. ರಕ್ತದೊತ್ತಡ, ಸಕ್ಕರೆ ರೋಗ, ತಂಬಾಕು, ಹೃದಯ ಬಡಿತದ ಏರುಪೇರು ಇವು ಈ ರೋಗಕ್ಕೆ ದಾರಿಮಾಡುವ ಮುಖ್ಯ ಕಾರಣಗಳು; ಇವನ್ನು ಹತೋಟಿಯಲ್ಲಿಡುವುದು ಎಲ್ಲಕ್ಕೂ ಮೊದಲಿನ ಚಿಕಿತ್ಸೆ. ಆದರೂ ಬಾಯಿ ವಾಲಿದಾಗ, ಒಂದು ಕೈ ಮೇಲೆತ್ತಲಾರದಾದಾಗ, ಮಾತು ತೊದಲಿದಾಗ ಮಾಡಬೇಕಾದುದು ಇಷ್ಟು: ೨೦೦೮ರಿಂದ ನಮ್ಮ ರಾಜ್ಯದಲ್ಲಿರುವ ೧೦೮ರ ವಾಹನವನ್ನಾಗಲಿ ಸಿಕ್ಕ ಬೇರೆ ವಾಹನವನ್ನಾಗಲಿ ಹಿಡಿದು, ಸಿ.ಟಿ. ಯಂತ್ರವಿರುವ ಆಸ್ಪತ್ರೆಯನ್ನು ನೇರವಾಗಿ ಸೇರುವುದು. ನುಂಗುವ ಶಕ್ತಿ ಕುಂದಿರಬಹುದಾದುದರಿಂದ ಬಾಯಿಗೆ ಏನನ್ನೂ ಹಾಕದಿರುವುದು. ರಕ್ತಸ್ರಾವವಿಲ್ಲವೆಂದು ಖಚಿತವಾಗುವ ಮೊದಲು ಆಸ್ಪಿರಿನ್ನನ್ನು ಸಹ ಕೊಡದಿರುವುದು. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯು ಸರಿಯಾಗಿದ್ದುದನ್ನು ಕೊನೆಯ ಸಲ ಯಾರು ಎಷ್ಟು ಗಂಟೆಗೆ ಕಂಡರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜತೆಗೆ ಒಯ್ಯುವುದು.

ಆ ಮನೆಯ ಗೋಡೆಯ ಮೇಲೆ ಅಂದು ಗಡಿಯಾರವಿತ್ತು; ಅದನ್ನು ನೋಡಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಕಾಲೇಜುಗಳಿಗೆ ಇಂತಹ ಊರುಗಳಿಂದಲೇ ವಿದ್ಯಾರ್ಥಿಗಳು ಬರುತ್ತಾರೆ. ಯಾವ ವಿಷಯವನ್ನು ಬೋಧಿಸುವ ಅಧ್ಯಾಪಕರೇ ಆಗಲಿ, ವರ್ಷಕ್ಕೊಂದು ಸಲ ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಒಂದು ಸಂಗತಿಯನ್ನು ಅವರಿಗೆ ತಿಳಿಸಿದರೆ ಈ ಲೇಖನದ ಉದ್ದೇಶ ನೆರವೇರಿದಂತೆಂದು ನಾವು ಭಾವಿಸುತ್ತೇವೆ.